ಚೀಲದೊಳಗಿನ ಟೋಪಿ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಫಜ್ರ್ ನಮಾಝ್ ಮುಗಿದು ಸ್ವಲ್ಪ ಹೊತ್ತಿಗೆ ವಿದ್ಯುತ್ ಮಗ್ಗಗಳ ಸದ್ದು ಆರಂಭವಾಗುತ್ತದೆ. ಅದೇ ಹೊತ್ತಿಗೆ ನನ್ನ ಹಿರಿಯ ಮಗ ಯಶವಂತಪುರದ ರೈಲು ಹಿಡಿದು ಕಾಲೇಜಿಗೆ ಹೊರಡುತ್ತಾನೆ. ಅವನು ಹೊಸ್ತಿಲು ದಾಟುವ ಮುನ್ನ ಅವನ ತಾಯಿ ದಿನವೂ ಒಂದೇ ಮಾತು ಹೇಳುತ್ತಾಳೆ: "ಟೋಪಿ ಚೀಲದೊಳಗಿಡು ಬೇಟಾ."

ಆ ಮಾತನ್ನು ಮೊದಲು ಹೇಳಿದವನು ನಾನೇ. 2017ರ ಜೂನ್ ತಿಂಗಳಲ್ಲಿ, ಈದ್‌ಗೆ ಕೆಲವೇ ದಿನ ಮೊದಲು, ದೆಹಲಿಯಿಂದ ಹಬ್ಬದ ಸಾಮಾನು ಕೊಂಡು ರೈಲಿನಲ್ಲಿ ಮರಳುತ್ತಿದ್ದ ಜುನೈದ್ ಎಂಬ ಹದಿಹರೆಯದ ಹಾಫಿಝ್ ಇರಿತಕ್ಕೆ ಬಲಿಯಾದ. ಆಗ ನನ್ನ ಮಗನೂ ಹಿಫ್ಝ್ ತರಗತಿಯಲ್ಲಿದ್ದ. ಆ ಸುದ್ದಿ ಓದಿದ ದಿನ ಹುಟ್ಟಿದ ಮಾತು ಇಂದಿಗೂ ನಮ್ಮ ಮನೆಯಲ್ಲಿ ಉಳಿದಿದೆ.

ಕಳೆದ ತಿಂಗಳು ಇಶಾ ನಮಾಝಿನ ಬಳಿಕ ಮಗ, "ಅಬ್ಬಾ, ನೀವು ಮತ್ತು ಅಮ್ಮಿ ನೋಡಲೇಬೇಕಾದ ಒಂದು ಟಿವಿ ನಾಟಕವಿದೆ" ಎಂದ. ಮದ್ರಸಾದಲ್ಲಿ ಪಾಠ ಹೇಳುವ ನನಗೆ ನಾಟಕಗಳ ಗೀಳಿಲ್ಲ. ಆದರೂ ಅವನ ಮುಖ ನೋಡಿ ಕುಳಿತೆ. ಇಂಗ್ಲಿಷ್ ಸಂಭಾಷಣೆಗಳನ್ನು ಅವನೇ ನಿಲ್ಲಿಸಿ ನಿಲ್ಲಿಸಿ ಅನುವಾದಿಸಿದ.

ಅದು ಸ್ಟೀಫನ್ ಲಾರೆನ್ಸ್‌ನ ಹೆತ್ತವರ ಕಥೆ. ವಾಸ್ತುಶಿಲ್ಪಿಯಾಗುವ ಕನಸಿದ್ದ 18ರ ಆ ಕರಿಯ ತರುಣನನ್ನು 1993ರ ಏಪ್ರಿಲ್ 22ರ ರಾತ್ರಿ, ಲಂಡನ್ನಿನ ಎಲ್ತಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ಬಿಳಿಯ ಯುವಕರ ಗುಂಪೊಂದು ಇರಿದು ಕೊಂದಿತು. ಕಾರಣ ಅವನ ಮೈಬಣ್ಣ. ಹೆತ್ತವರು ಹೂಡಿದ ಖಾಸಗಿ ಮೊಕದ್ದಮೆ 1996ರಲ್ಲಿ ಬಿದ್ದುಹೋಯಿತು. 1999ರಲ್ಲಿ ಮ್ಯಾಕ್‌ಫರ್ಸನ್ ವಿಚಾರಣಾ ವರದಿಯು ಲಂಡನ್ ಪೊಲೀಸ್ ವ್ಯವಸ್ಥೆಯೊಳಗೇ ಜನಾಂಗಭೇದ ಬೇರೂರಿದೆ ಎಂದು ಸಾರಿತು. ಕೊನೆಗೆ ಉಡುಪಿನ ಮೇಲೆ ದೊರೆತ ಅತಿ ಸಣ್ಣ ರಕ್ತದ ಕಲೆಯಂತಹ ಸಾಕ್ಷ್ಯಗಳಿಂದ, 2012ರ ಜನವರಿಯಲ್ಲಿ, ಇಬ್ಬರಿಗೆ ಶಿಕ್ಷೆಯಾಯಿತು. ಅಷ್ಟರಲ್ಲಿ ಸ್ಟೀಫನ್ ಬದುಕಿದ್ದಷ್ಟೇ ವರ್ಷಗಳು ಅವನ ಮರಣದ ನಂತರವೂ ಕಳೆದುಹೋಗಿದ್ದವು.

ಈ ಕುಟುಂಬದ ಕುರಿತು ಇಂಗ್ಲೆಂಡಿನಲ್ಲಿ 1999ರಲ್ಲಿ ಒಂದು ಟಿವಿ ಚಿತ್ರ ಬಂದಿತ್ತು. 2021ರಲ್ಲಿ ಮೂರು ಕಂತುಗಳ ನಾಟಕ ಬಂದಿತು. ಎರಡರಲ್ಲಿಯೂ ತಂದೆ ನೆವಿಲ್ ಅವರ ಪಾತ್ರವನ್ನು ಹ್ಯೂ ಕ್ವಾರ್ಶಿ ಎಂಬ ಒಬ್ಬರೇ ನಟರು ವಹಿಸಿದ್ದಾರೆ. ಮಗ ಹಳೆಯದರ ಕೆಲವು ದೃಶ್ಯಗಳನ್ನೂ ತೋರಿಸಿದ. ನಡುವೆ 22 ವರ್ಷಗಳು. ಅದೇ ಮುಖ, ಅದೇ ದುಃಖ. ಮುಖಕ್ಕೆ ವಯಸ್ಸಾಗಿತ್ತು, ದುಃಖಕ್ಕೆ ಆಗಿರಲಿಲ್ಲ.

ಆ ದಂಪತಿ 1999ರಲ್ಲಿ ಬೇರೆಯಾದರು. ಕೊಲೆಗಾರರನ್ನು ಕ್ಷಮಿಸಿದ್ದೇನೆಂದು ತಂದೆ 2018ರಲ್ಲಿ ಹೇಳಿದರು. ಪಶ್ಚಾತ್ತಾಪವೇ ಇಲ್ಲದವರನ್ನು ಕ್ಷಮಿಸುವುದು ತಾಯಿ ಡೊರೀನ್ ಅವರಿಂದ ಆಗಲಿಲ್ಲ. ಮಗ ಇದನ್ನು ವಿವರಿಸಿದಾಗ ನನ್ನ ಪತ್ನಿ ಕೇಳಿದಳು: "ಹಾಗಾದರೆ ಆ ತಾಯಿಗೆ ಸಬ್ರ್ ಇಲ್ಲವೆಂದು ಹೇಳುತ್ತೀರಾ?"

ಅವಳ ಪ್ರಶ್ನೆ ನನ್ನನ್ನು ಇರಿಯಿತು. ಕೆಲವು ವರ್ಷಗಳ ಹಿಂದೆ, ಅಪಘಾತದಲ್ಲಿ ಮಗನನ್ನು ಕಳೆದುಕೊಂಡು ಗೋಳಾಡುತ್ತಿದ್ದ ತಾಯಿಯೊಬ್ಬರಿಗೆ ನಾನು "ಸಬ್ರ್ ಮಾಡಿ" ಎಂದಿದ್ದೆ. ನಿಜವಾಗಿ ನಾನು ಬಯಸಿದ್ದು ಅವರು ಸುಮ್ಮನಾಗಲಿ ಎಂದು.

ಆ ರಾತ್ರಿ ಸೂರಃ ಯೂಸುಫ್ ತೆರೆದು ಕುಳಿತೆ. ಪ್ರವಾದಿ ಯಾಕೂಬ್(ಅ) ಮಗನಿಗಾಗಿ ಅತ್ತು ಅತ್ತು ಕಣ್ಣುಗಳನ್ನೇ ಕಳೆದುಕೊಂಡರು. ಆದರೂ ಅವರ ಸಹನೆಯನ್ನು ನಾವು ಸುಂದರ ಸಹನೆ ಎನ್ನುತ್ತೇವೆ. ಅವರು ತಮ್ಮ ದೂರನ್ನು ಅಲ್ಲಾಹನ ಮುಂದಿಟ್ಟರು. ಅಷ್ಟಕ್ಕೇ ನಿಲ್ಲದೆ, ಯೂಸುಫರನ್ನು ಹುಡುಕಿರೆಂದು ಉಳಿದ ಮಕ್ಕಳನ್ನು ಕಳುಹಿಸಿದರು. ಎಷ್ಟೋ ಬಾರಿ ಪಾಠ ಹೇಳಿದ ಈ ಭಾಗ ಅಂದು ಹೊಸದಾಗಿ ಅರ್ಥವಾಯಿತು. ಕಣ್ಣೀರು ಸಬ್ರ್‌ಗೆ ವಿರುದ್ಧವಲ್ಲ, ಹುಡುಕಾಟವೂ ಅಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತುವುದೂ ಒಂದು ಹುಡುಕಾಟವೇ. ಕೊಲೆಗಾರನನ್ನು ಕ್ಷಮಿಸುವ ಹಕ್ಕನ್ನು ಶರೀಅತ್ ಸತ್ತವನ ವಾರಸುದಾರರಿಗೆ ನೀಡಿದೆ. ಕ್ಷಮಿಸುವವರಿಗೆ ದೊಡ್ಡ ಪ್ರತಿಫಲವಿದೆ. ಆದರೆ ಅವರ ಪರವಾಗಿ ಕ್ಷಮಿಸಲು ನಾನಾರು? ಅವರ ಪರವಾಗಿ ಸೇಡು ತೀರಿಸಲು ಬೀದಿಯ ಹುಡುಗರಾರು?

ಎರಡನೆಯ ಪ್ರಶ್ನೆ ನಮ್ಮ ನಾಡಿನದೇ. 2022ರ ಜುಲೈನಲ್ಲಿ ದಕ್ಷಿಣ ಕನ್ನಡದಲ್ಲಿ ಹತ್ತು ದಿನಗಳ ಅಂತರದಲ್ಲಿ ಮೂವರು ಯುವಕರು ಹತ್ಯೆಗೀಡಾದರು: ಬೆಳ್ಳಾರೆಯಲ್ಲಿ ಮಸೂದ್, ಅಲ್ಲಿಯೇ ಪ್ರವೀಣ್ ನೆಟ್ಟಾರು, ಸುರತ್ಕಲ್‌ನಲ್ಲಿ ಫಾಝಿಲ್. ಅಂದಿನ ಮುಖ್ಯಮಂತ್ರಿಗಳು ಪ್ರವೀಣರ ಮನೆಗೆ ಹೋಗಿ ಪರಿಹಾರ ನೀಡಿದರು. ಮಸೂದ್ ಮತ್ತು ಫಾಝಿಲ್ ಅವರ ಕುಟುಂಬಗಳಿಗೆ ಸರ್ಕಾರದ 25 ಲಕ್ಷ ರೂಪಾಯಿ ತಲುಪಿದ್ದು ಸರ್ಕಾರ ಬದಲಾದ ಮೇಲೆ, 2023ರ ಜೂನ್‌ನಲ್ಲಿ. 2025ರ ಮೇ ತಿಂಗಳ ಮೊದಲ ದಿನ ಫಾಝಿಲ್ ಹತ್ಯೆಯ ಆರೋಪಿಯೊಬ್ಬ ಬಜ್ಪೆಯಲ್ಲಿ ಕೊಲೆಯಾದ. ಅದೇ ತಿಂಗಳ ಕೊನೆಯಲ್ಲಿ ಬಂಟ್ವಾಳ ತಾಲೂಕಿನಲ್ಲಿ ಅಬ್ದುಲ್ ರಹಿಮಾನ್ ಕೊಲೆಯಾದರು. ಯಾವ ಮನೆಯ ಕಣ್ಣೀರೂ ಇನ್ನೊಂದು ಮನೆಯ ಕಣ್ಣೀರಿನಿಂದ ಒಣಗಲಿಲ್ಲ.

2018ರಲ್ಲಿ ಆಸನ್ಸೋಲ್‌ನ ಇಮಾಮರೊಬ್ಬರು ಗಲಭೆಯಲ್ಲಿ ಹತನಾದ ತಮ್ಮ 16ರ ಮಗನ ಜನಾಝಾದಲ್ಲಿ, ಪ್ರತೀಕಾರಕ್ಕೆ ಕೈಯೆತ್ತಿದರೆ ತಾನು ಊರನ್ನೇ ಬಿಟ್ಟುಹೋಗುವೆನೆಂದು ಎಚ್ಚರಿಸಿದರು. ಆ ಮಾತಿಗೆ ತೂಕ ಬಂದದ್ದು ಮಗನನ್ನು ಕಳೆದುಕೊಂಡ ತಂದೆಯೇ ಅದನ್ನು ಆಡಿದ್ದರಿಂದ. ನಮ್ಮಂಥ ಉಳಿದವರ ಕೆಲಸ ಬೇರೆ: ಸತ್ತವನ ಹೆಸರು ಯಾವುದೇ ಇರಲಿ, ಅವನ ತಾಯಿಗೆ ನ್ಯಾಯ ಸಿಗುವವರೆಗೆ ಜೊತೆಗೆ ನಿಲ್ಲುವುದು.

ನಾಟಕ ಮುಗಿದ ಮೇಲೆ ಮಗ ಕೇಳಿದ: "ಅಬ್ಬಾ, ಟೋಪಿ ತೆಗೆದಿಡಲು ಹೇಳಿದ್ದೂ ಸಬ್ರ್ ಏನು?"

"ಇಲ್ಲ," ಎಂದೆ. "ಅದು ನನ್ನ ಭಯ."

ಮರುದಿನ ಬೆಳಿಗ್ಗೆ ನಾವು ಯಾರೂ ಏನೂ ಹೇಳಲಿಲ್ಲ. ಅವನ ತಾಯಿ ಆಯತುಲ್ ಕುರ್ಸೀ ಓದಿ ಅವನ ಮೇಲೆ ಊದಿದಳು. ಅವನು ಟೋಪಿ ಧರಿಸಿಯೇ ಹೊರಟ. ಯಶವಂತಪುರದಲ್ಲಿ ಇಳಿದೆನೆಂದು ಅವನು ಕರೆ ಮಾಡುವವರೆಗೆ ನಾನು ತರಗತಿಯಲ್ಲಿ ಮಕ್ಕಳಿಗೆ ಒಂದೇ ಸಾಲನ್ನು ಮತ್ತೆ ಮತ್ತೆ ಓದಿಸುತ್ತಿದ್ದೆ. ನಾಳೆಯೂ ಹಾಗೆಯೇ ಕಾಯುತ್ತೇನೆ. ಹಾಗೆ ಕಾಯುವ ಎಲ್ಲ ತಂದೆತಾಯಂದಿರ ಮಕ್ಕಳನ್ನೂ ಅಲ್ಲಾಹನು ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.