ಉಳಿದು ಬಂದ ಆಟಗಾರ

ಕಾಲ್ಚೆಂಡಿನ ಆಟದಲ್ಲಿ ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಗೋಲನ್ನು ತಡೆದವನನ್ನೂ ಜನ ನೆನೆಯುತ್ತಾರೆ. ಇವರಿಬ್ಬರ ನಡುವೆ ತೊಂಬತ್ತು ನಿಮಿಷ ಬಿಡುವಿಲ್ಲದೆ ಓಡುವ ಮಧ್ಯರಂಗದ ಆಟಗಾರನ ದುಡಿಮೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಿಂದಿನವರಿಂದ ಚೆಂಡನ್ನು ಪಡೆದು ಮುಂದಿನವರಿಗೆ ಒದಗಿಸುವುದು, ಎದುರಾಳಿಗಳು ನುಗ್ಗಿದಾಗ ಹಿಂದಿರುಗಿ ಅಡ್ಡ ನಿಲ್ಲುವುದು, ಆಟದ ವೇಗವನ್ನು ಸಮಯವರಿತು ಏರಿಸುವುದು, ಇಳಿಸುವುದು ಎಲ್ಲವೂ ಅವನ ಹೊಣೆ. ಇಂಗ್ಲೆಂಡಿನ ಬಾಬಿ ಚಾರ್ಲ್ಟನ್ ಈ ಸ್ಥಾನಕ್ಕೆ ಬಂದದ್ದು ತಡವಾಗಿ. ಅಲ್ಲಿಗೆ ಬರುವ ಮುನ್ನ ಅವನು ದಾಟಿ ಬಂದ ಹಾದಿ ಯಾವ ಆಟಗಾರನಿಗೂ ಬೇಡವೆನಿಸುವಂಥದು.

ಇಂಗ್ಲೆಂಡಿನ ಈಶಾನ್ಯ ಮೂಲೆಯ ಆಶಿಂಗ್ಟನ್ ಕಲ್ಲಿದ್ದಲ ಗಣಿಗಳ ಊರು. ಅಲ್ಲಿ 1937ರ ಅಕ್ಟೋಬರ್ 11ರಂದು ಬಾಬಿ ಹುಟ್ಟಿದನು. ತಂದೆ ಗಣಿಯ ಕಾರ್ಮಿಕ. ಆಟದಲ್ಲಿ ಅವನಿಗೆ ಒಲವಿರಲಿಲ್ಲ. ಒಲವು ಇದ್ದುದು ತಾಯಿ ಸಿಸ್ಸಿಯ ಕಡೆಗೆ. ಅವಳ ವಂಶದಲ್ಲಿ ಕಾಲ್ಚೆಂಡು ಮನೆತನದ ವಿದ್ಯೆಯೇ ಆಗಿತ್ತು. ನ್ಯೂಕ್ಯಾಸಲ್ ತಂಡದ ಹೆಸರಾಂತ ಆಟಗಾರ ಜಾಕಿ ಮಿಲ್ಬರ್ನ್ ಅವಳ ಹತ್ತಿರದ ಬಂಧು. ಮಕ್ಕಳೊಡನೆ ತಾನೂ ಚೆಂಡನ್ನು ಒದ್ದು ಆಡಿಸಿದ ತಾಯಿ ಅವಳು. ಆದರೂ 1953ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸಂಸ್ಥೆ ಮಗನನ್ನು ಕರೆದಾಗ ಆಕೆಗೆ ಅಳುಕು ಹುಟ್ಟಿತು. ಕಾಲು ಮುರಿದರೆ ಗತಿಯೇನು? ಅದಕ್ಕೆಂದೇ ಹುಡುಗನು ಕೆಲಕಾಲ ವಿದ್ಯುತ್ ಕೆಲಸದ ತರಬೇತಿಯನ್ನೂ ಪಡೆಯಬೇಕಾಯಿತು. 1956ರ ಅಕ್ಟೋಬರಿನಲ್ಲಿ ಅವನು ಹಿರಿಯರ ತಂಡದ ಪರವಾಗಿ ಮೊದಲ ಪಂದ್ಯವನ್ನಾಡಿ ಎರಡು ಗೋಲುಗಳನ್ನು ಹೊಡೆದನು. ಎದುರಾಳಿ ತಂಡದ ಹೆಸರೂ ಚಾರ್ಲ್ಟನ್ ಎಂದೇ ಇದ್ದುದು ಒಂದು ಸೋಜಿಗ.

ಆ ಕಾಲದ ಮ್ಯಾಂಚೆಸ್ಟರ್ ತಂಡವನ್ನು ಕಟ್ಟಿದವನು ಮ್ಯಾಟ್ ಬಸ್ಬಿ. ಹಣ ಕೊಟ್ಟು ಹೆಸರುವಾಸಿಗಳನ್ನು ತರುವುದಕ್ಕಿಂತ ಎಳೆಯರನ್ನು ಆಯ್ದು ಬೆಳೆಸುವುದು ಅವನ ಹಟ. ಅವರೆಲ್ಲರಿಗೂ ಮೇಲಾಗಿದ್ದವನು ಡಂಕನ್ ಎಡ್ವರ್ಡ್ಸ್. ಅವನ ಮುಂದೆ ಮಾತ್ರ ತಾನು ಕಿರಿಯನೆನಿಸುತ್ತಿತ್ತೆಂದು ಚಾರ್ಲ್ಟನ್ ಜೀವಮಾನವೆಲ್ಲ ಹೇಳುತ್ತಿದ್ದನು.

1958ರ ಫೆಬ್ರವರಿ 5ರಂದು ಈ ತಂಡ ಬೆಲ್‌ಗ್ರೇಡಿನಲ್ಲಿ ರೆಡ್ ಸ್ಟಾರ್ ತಂಡದೊಡನೆ ಮೂರು ಮೂರು ಗೋಲುಗಳ ಸಮಬಲ ಸಾಧಿಸಿ ಯೂರೋಪಿಯನ್ ಕಪ್ಪಿನ ಉಪಾಂತ್ಯಕ್ಕೆ ಏರಿತು. ಮೂರರಲ್ಲಿ ಎರಡು ಗೋಲು ಚಾರ್ಲ್ಟನ್‌ನವು. ಮರುದಿನ ಮರಳುವ ವಿಮಾನವು ಇಂಧನಕ್ಕಾಗಿ ಮ್ಯೂನಿಕ್‌ನಲ್ಲಿ ಇಳಿಯಿತು. ಹಿಮ ಸುರಿಯುತ್ತಿತ್ತು, ಓಡುದಾರಿಯ ಮೇಲೆ ಅರೆಗರಗಿದ ಹಿಮದ ಕೆಸರು ತುಂಬಿತ್ತು. ಎರಡು ಸಲ ಮೇಲೇರಲು ಹೊರಟ ವಿಮಾನ ಎರಡು ಸಲವೂ ನಿಂತುಬಿಟ್ಟಿತು. ಹಿಂಭಾಗ ಹೆಚ್ಚು ಸುರಕ್ಷಿತವೆಂದು ಭಾವಿಸಿದ ಟಾಮಿ ಟೇಲರ್ ಮತ್ತು ಡೇವಿಡ್ ಪೆಗ್ ತಮ್ಮ ಆಸನಗಳನ್ನು ಚಾರ್ಲ್ಟನ್ ಮತ್ತು ಡೆನಿಸ್ ವಯೊಲೆಟ್‌ರೊಡನೆ ಬದಲಾಯಿಸಿಕೊಂಡರು. ಮೂರನೆಯ ಯತ್ನದಲ್ಲಿ ಹಿಮದ ಕೆಸರು ವೇಗವನ್ನು ಕುಗ್ಗಿಸಿತು. ವಿಮಾನ ನೆಲ ಬಿಡದೆ ಬೇಲಿಯನ್ನು ಭೇದಿಸಿ ಆಚೆಯ ಮನೆಯೊಂದಕ್ಕೆ ಬಡಿಯಿತು. ಟೇಲರನೂ ಪೆಗ್ಗನೂ ಉಳಿಯಲಿಲ್ಲ. ಅವಶೇಷಗಳ ನಡುವಿನಿಂದ ಚಾರ್ಲ್ಟನ್‌ನನ್ನೂ ವಯೊಲೆಟ್‌ನನ್ನೂ ಎಳೆದು ಹೊರಗೆ ತಂದವನು ಗೋಲು ಕಾಯುವ ಹ್ಯಾರಿ ಗ್ರೆಗ್. ಒಟ್ಟು 23 ಜನ ಸತ್ತರು. ಅವರಲ್ಲಿ ಎಂಟು ಮಂದಿ ಆಟಗಾರರು. ಎಡ್ವರ್ಡ್ಸ್ ಆಸ್ಪತ್ರೆಯಲ್ಲಿ ಹದಿನೈದು ದಿನ ಸೆಣಸಿ ಕಣ್ಣು ಮುಚ್ಚಿದನು. ಚಾರ್ಲ್ಟನ್‌ಗೆ ಆದದ್ದು ತಲೆಯ ಮೇಲಿನ ಸಣ್ಣ ಗಾಯ. ಅವನಿಗಾಗ ಇಪ್ಪತ್ತು ವರ್ಷ.

ಫೆಬ್ರವರಿ 19ರಂದು ಮ್ಯಾಂಚೆಸ್ಟರ್‌ನಲ್ಲಿ ಮತ್ತೆ ಪಂದ್ಯ ನಡೆದಾಗ ಮಾರಾಟಕ್ಕಿದ್ದ ಹೊತ್ತಗೆಯಲ್ಲಿ ತಂಡದ ಹನ್ನೊಂದು ಹೆಸರುಗಳ ಜಾಗವನ್ನು ಖಾಲಿ ಬಿಡಲಾಗಿತ್ತು. ಯಾರು ಆಡುವರೆಂಬುದೇ ಅಚ್ಚಿನ ಹೊತ್ತಿಗೆ ತಿಳಿದಿರಲಿಲ್ಲ. ಆಶಿಂಗ್ಟನ್‌ನಲ್ಲಿ ಚೇತರಿಸಿಕೊಂಡ ಚಾರ್ಲ್ಟನ್ ಮಾರ್ಚ್ ಮೊದಲ ವಾರವೇ ಅಂಗಳಕ್ಕೆ ಇಳಿದನು. ಇದು ಧೈರ್ಯವೋ, ಬೇರೆ ದಾರಿ ಇಲ್ಲದಿದ್ದ ಹುಡುಗನ ಅನಿವಾರ್ಯವೋ ಹೇಳುವುದು ಕಷ್ಟ. ತಾನೇ ಏಕೆ ಉಳಿದೆನೆಂಬ ಪ್ರಶ್ನೆ ತನ್ನನ್ನು ಎಂದೂ ಬಿಡಲಿಲ್ಲವೆಂದು ಮುದಿವಯಸ್ಸಿನಲ್ಲಿ ಅವನೇ ಹೇಳಿಕೊಂಡಿದ್ದಾನೆ. ನಗುಮುಖದ ಹುಡುಗ ಮಿತಭಾಷಿಯಾದನೆಂದು ಅವನ ಅಣ್ಣ ಜಾಕ್ ಕಂಡುಕೊಂಡನು.

ಮುಂದೆ ಕೆಲವು ವರ್ಷ ಅವನನ್ನು ಅಂಗಳದ ಎಡ ಅಂಚಿನಲ್ಲಿ ಆಡಿಸಲಾಯಿತು. 1960ರ ದಶಕದ ನಡುವಿನ ಹೊತ್ತಿಗೆ ಬಸ್ಬಿ ಮತ್ತು ಇಂಗ್ಲೆಂಡ್ ತಂಡದ ಆಲ್ಫ್ ರಾಮ್ಸೆ ಇಬ್ಬರೂ ಅವನನ್ನು ನಡುವಿಗೆ ತಂದರು. ಅವನ ನಿಜವಾದ ಮನೆ ಅದೇ ಆಗಿತ್ತು. ಎರಡು ಕಾಲುಗಳಿಂದಲೂ ಸಮನಾಗಿ ಒದೆಯಬಲ್ಲವನಾದ್ದರಿಂದ ಅವನು ಯಾವ ಕಡೆಗೆ ತಿರುಗುವನೆಂದು ಎದುರಾಳಿಗೆ ತಿಳಿಯುತ್ತಿರಲಿಲ್ಲ. ಅಂಗಳದ ಒಂದು ಬದಿಯಿಂದ ಇನ್ನೊಂದು ಬದಿಗೆ ಅಳೆದಂತೆ ಚೆಂಡನ್ನು ಕಳುಹಿಸುವನು. ಎದುರಿನಲ್ಲಿ ಬಯಲು ಕಂಡರೆ ತಾನೇ ನುಗ್ಗಿ ದೂರದಿಂದಲೇ ಸಿಡಿಲಿನಂತೆ ಹೊಡೆಯುವನು. 1966ರ ವಿಶ್ವಕಪ್ಪಿನಲ್ಲಿ ಮೆಕ್ಸಿಕೊ ವಿರುದ್ಧ ಹೊಡೆದ ಗೋಲು ಅಂಥದು. ಉಪಾಂತ್ಯದಲ್ಲಿ ಪೋರ್ಚುಗಲ್ ವಿರುದ್ಧ ಇಂಗ್ಲೆಂಡಿನ ಎರಡು ಗೋಲುಗಳೂ ಅವನವೇ. ಅಂದು ಜಾಕ್ ಕೂಡ ಅದೇ ತಂಡದಲ್ಲಿ ಆಡುತ್ತಿದ್ದನು. ತಂದೆ ಮಾತ್ರ ಗಣಿಯ ಪಾಳಿಯನ್ನು ತಪ್ಪಿಸಲು ಒಪ್ಪದೆ ಆ ಆಟವನ್ನು ನೋಡಲಿಲ್ಲ.

ಅಂತಿಮ ಪಂದ್ಯದಲ್ಲಿ ಅವನನ್ನು ಕಾಯಲು ಪಶ್ಚಿಮ ಜರ್ಮನಿಯು ಇಪ್ಪತ್ತು ವರ್ಷದ ಫ್ರಾಂಜ್ ಬೆಕೆನ್‌ಬಾಯರ್‌ನನ್ನು ನೇಮಿಸಿತು. ಬೆಕೆನ್‌ಬಾಯರ್‌ನನ್ನು ಕಾಯುವ ಕೆಲಸವೂ ಚಾರ್ಲ್ಟನ್‌ನದೇ ಆಯಿತು. ಇಬ್ಬರು ಮೇಧಾವಿಗಳು ಒಬ್ಬರನ್ನೊಬ್ಬರು ಕಟ್ಟಿಹಾಕಿ ಓಡಾಡಿದರು. ಗೋಲು ಹೊಡೆಯದೆ ಇಂಥ ಪಂದ್ಯದಲ್ಲಿ ಇಷ್ಟು ಕೆಲಸ ಮಾಡಿದವನು ವಿರಳ. ಇಂಗ್ಲೆಂಡ್ 4-2ರಿಂದ ಗೆದ್ದಿತು. ಆ ವರ್ಷ ಯೂರೋಪಿನ ಶ್ರೇಷ್ಠ ಆಟಗಾರನೆಂಬ ಗೌರವ ಅವನಿಗೆ ಸಂದಿತು.

ಆದರೆ ಯೂರೋಪಿಯನ್ ಕಪ್ಪು ಇನ್ನೂ ಕೈಗೆ ಬಂದಿರಲಿಲ್ಲ. ಮ್ಯೂನಿಕ್ ಕಳೆದು ಹತ್ತು ವರ್ಷದ ಮೇಲೆ, 1968ರ ಮೇ 29ರಂದು, ವೆಂಬ್ಲಿಯಲ್ಲಿ ಬೆನ್‌ಫಿಕಾ ತಂಡದೆದುರು ಚಾರ್ಲ್ಟನ್ ನಾಯಕನಾಗಿ ನಿಂತನು. ಅಂದು ಅಂಗಳದಲ್ಲಿದ್ದವರಲ್ಲಿ ದುರಂತದಿಂದ ಪಾರಾದವರು ಅವನೂ ಬಿಲ್ ಫೌಕ್ಸನೂ ಇಬ್ಬರೇ. ಬದಿಯಲ್ಲಿ ಬಸ್ಬಿ ಕುಳಿತಿದ್ದನು. ಹೆಚ್ಚು ತಲೆಯಿಂದ ಆಡದ ಚಾರ್ಲ್ಟನ್ ಮೊದಲ ಗೋಲನ್ನು ತಲೆಯಿಂದಲೇ ತಳ್ಳಿದನು. ಹೆಚ್ಚುವರಿ ಅವಧಿಯಲ್ಲಿ ಜಾರ್ಜ್ ಬೆಸ್ಟ್, ಬ್ರಯನ್ ಕಿಡ್ ಮತ್ತು ಮತ್ತೊಮ್ಮೆ ಚಾರ್ಲ್ಟನ್ ಗೋಲು ಹೊಡೆದರು, 4-1. ಆಟ ಮುಗಿದಾಗ ಬಸ್ಬಿಯೂ ಅವನೂ ಅಪ್ಪಿಕೊಂಡು ನಿಂತರು. ಆ ರಾತ್ರಿ ಔತಣಕೂಟಕ್ಕೆ ಹೋಗುವಷ್ಟು ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಜೊತೆಗಾರರು ಕೆಳಗೆ ಸಂಭ್ರಮಿಸುತ್ತಿರಲು ಅವನು ಹೋಟೆಲಿನ ಕೋಣೆಯಲ್ಲಿ ಮಲಗಿದ್ದನು.

1970ರಲ್ಲಿ ಮೆಕ್ಸಿಕೊದ ಬಿಸಿಲಿನಲ್ಲಿ, ಅದೇ ಪಶ್ಚಿಮ ಜರ್ಮನಿಯ ವಿರುದ್ಧ, ಅವನು ದೇಶಕ್ಕಾಗಿ 106ನೆಯ ಮತ್ತು ಕಡೆಯ ಪಂದ್ಯವನ್ನಾಡಿದನು. ಮುಂದಿನ ಪಂದ್ಯಕ್ಕೆ ಉಳಿಸಿಕೊಳ್ಳಲೆಂದು ರಾಮ್ಸೆ ಅವನನ್ನು ಹೊರಗೆ ಕರೆದನು. ಗೆಲ್ಲುತ್ತಿದ್ದ ಇಂಗ್ಲೆಂಡ್ 3-2ರಿಂದ ಸೋತಿತು. ದೇಶಕ್ಕಾಗಿ ಹೊಡೆದ 49 ಗೋಲುಗಳ ದಾಖಲೆ 2015ರವರೆಗೆ ಅಳಿಯಲಿಲ್ಲ. 1973ರಲ್ಲಿ ಅವನು ಮ್ಯಾಂಚೆಸ್ಟರ್ ತಂಡದಿಂದ ನಿವೃತ್ತನಾದಾಗ 758 ಪಂದ್ಯಗಳು, 249 ಗೋಲುಗಳು ಅವನ ಹೆಸರಿನಲ್ಲಿದ್ದವು. ಇಷ್ಟು ಆಟದಲ್ಲಿ ಒಮ್ಮೆಯೂ ಅವನನ್ನು ಅಂಗಳದಿಂದ ಹೊರಗಟ್ಟಿದ್ದಿಲ್ಲ.

2023ರ ಅಕ್ಟೋಬರ್ 21ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ ಚಾರ್ಲ್ಟನ್ ತೀರಿಕೊಂಡನು. ನವೆಂಬರಿನಲ್ಲಿ ಶವಯಾತ್ರೆಯು ಓಲ್ಡ್ ಟ್ರಾಫರ್ಡ್ ಕ್ರೀಡಾಂಗಣದ ಮುಂದೆ ಹಾದುಹೋಯಿತು. ಅಲ್ಲಿ ಬೆಸ್ಟ್ ಮತ್ತು ಡೆನಿಸ್ ಲಾ ಅವರೊಡನೆ ಅವನ ಕಂಚಿನ ಪ್ರತಿಮೆ ಇದೆ. ಕ್ರೀಡಾಂಗಣದ ಗೋಡೆಯ ಮೇಲೆ, ಮ್ಯೂನಿಕ್ ಎಂಬ ಹೆಸರನ್ನೂ 1958ರ ಫೆಬ್ರವರಿ 6 ಎಂಬ ದಿನಾಂಕವನ್ನೂ ಹೊತ್ತ ಗಡಿಯಾರವಿದೆ.