ಅಂಗಿಯ ಒಳಮೈ

ಕುಷ್ಟಗಿ ತಾಲ್ಲೂಕಿನ ಒಂದು ಪಡಸಾಲೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಪಕ್ಕದ ಮನೆಯಿಂದ ಇಳಕಲ್ ಸೀರೆ ನೇಯುವ ಕುಣಿಮಗ್ಗದ ಸಪ್ಪಳ. ಬಾಗಿಲ ಬೆಳಕು ಬೀಳುವಲ್ಲಿ ದೊಡ್ಡವ್ವ ಕುಳಿತಿದ್ದಾರೆ. ನೀವೂ ಚಾಪೆಯ ತುದಿಗೆ ಕುಳಿತುಕೊಳ್ಳಿ. ಖೋ ಖೋ ಆಡುವ ಮೊಮ್ಮಗಳು ತನ್ನ ಜೆರ್ಸಿಯನ್ನು ಒಳಗು ಹೊರಗು ಮಾಡಿ ಅವರ ತೊಡೆಯ ಮೇಲೆ ಹಾಕುತ್ತಾಳೆ.

"ಇದು ಚುಚ್ಚತೈತಿ ದೊಡ್ಡವ್ವಾ. ಓಡಿ ಓಡಿ ಬೆವತ್ರ ತೋಳು ಕೆಂಪಾಗತೈತಿ."

ತೋಳಿನ ಮೇಲೆ ಕಂಪ್ಯೂಟರ್ ಎಂಬ್ರಾಯ್ಡರಿಯಲ್ಲಿ ಮೂಡಿಸಿದ ಶಾಲೆಯ ಲಾಂಛನ. ಹೊರಗಿನಿಂದ ಅಚ್ಚುಕಟ್ಟು. ಒಳಗೆ ಬೆರಳಾಡಿಸಿ ನೋಡಿ: ಬಟ್ಟೆ ಸುಕ್ಕಾಗದಿರಲೆಂದು ಕೊಟ್ಟ ಗಟ್ಟಿ ಕಾಗದ, ಬಾಬಿನ್ ದಾರದ ಒತ್ತು ಹೊಲಿಗೆ, ಕತ್ತರಿಸಿ ಬಿಟ್ಟ ತುದಿಗಳು. ಆಟಗಾರ್ತಿಯ ಮೈಗೆ ತಾಗುವುದು ಈ ಒಳಮೈ.

"ಇದ್ರಾಗ ಗಂಟ ಅದಾವ," ಎನ್ನುತ್ತಾರೆ ದೊಡ್ಡವ್ವ. "ಕಸೂತಿಗೆ ಗಂಟು ಹಾಕಂಗಿಲ್ಲವ್ವಾ."

ಇದಕ್ಕಿಂತ ದೊಡ್ಡ ಪಾಠವನ್ನು ಕ್ರೀಡಾ ಉಡುಪಿನ ಬಗ್ಗೆ ನಾನು ಕೇಳಿಲ್ಲ.

ಅವರ ಸೂಜಿಯ ಮೇಲೆ ಕಣ್ಣಿಡಿ. ಹತ್ತಿಯ ಒಂದು ಪಟ್ಟಿ, ಅದರಲ್ಲಿ ಎಳೆ ಎಣಿಸುತ್ತ ಸೂಜಿ ಸಾಗುತ್ತಿದೆ. ಪೆನ್ಸಿಲ್ ಗೆರೆಯಿಲ್ಲ, ಅಚ್ಚಿಲ್ಲ. ಗಾವಂತಿ ಎಂಬ ಕಸೂತಿ ಹೊಲಿಗೆಯಲ್ಲಿ ದಾರ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗುತ್ತದೆ. ಬಂದ ದಾರಿಯಲ್ಲೇ ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುರ್ಗಿ ಹೊಲಿಗೆಯಲ್ಲೂ ಹೀಗೆಯೇ, ಆದರೆ ನಡೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ. ಈ ಎರಡರಲ್ಲೂ ಹಿಂದು ಮುಂದು ಒಂದೇ ಚಿತ್ತಾರ. ನೇಯ್ಗಿ, ಮೆಂತ್ಯೆ ಎಂಬ ಇನ್ನೆರಡು ಹೊಲಿಗೆಗಳು ದಟ್ಟ, ಭಾರ. ಅವನ್ನು ಮೈಗೆ ತಾಗದ ಕಡೆಗೆ ಇಡುವುದು ಜಾಣತನ. ಎಣಿಕೆಯಲ್ಲಿ ಒಂದೇ ಎಳೆ ತಪ್ಪಿದರೂ ಮೂಡಿಸಹೊರಟ ತೇರಿನ ಕಳಸ ವಾಲುತ್ತದೆ, ಬಿಚ್ಚಿ ಮತ್ತೆ ಶುರುಮಾಡಬೇಕು. ದೊಡ್ಡವ್ವ ಬಿಚ್ಚುತ್ತಾರೆ. ಮುಖದಲ್ಲಿ ಬೇಸರವಿಲ್ಲ.

"ಜೆರ್ಸಿ ಮ್ಯಾಲೇ ಹಾಕಿಕೊಡು," ಎಂದು ಹುಡುಗಿಯ ಹಟ. ಅವರು ಬಟ್ಟೆಯನ್ನು ಎಳೆದು ತೋರಿಸುತ್ತಾರೆ. "ನೋಡು, ಅರಿವಿ ಎಳದಂಗ ಬರತೈತಿ, ದಾರ ಬರಂಗಿಲ್ಲ." ಹಿಗ್ಗುವ ಬಟ್ಟೆಯಲ್ಲಿ ಎಣಿಸಲು ಎಳೆಯೂ ಕಾಣುವುದಿಲ್ಲ. ಕ್ಯಾನ್ವಾಸಿನ ತುಂಡನ್ನು ಮೇಲೆ ಟಾಕಿ, ಅದರ ಎಳೆ ಎಣಿಸಿ ಹೊಲಿದು, ಆಮೇಲೆ ಆ ಎಳೆಗಳನ್ನು ಒಂದೊಂದಾಗಿ ಕಿತ್ತುಹಾಕುವ ಉಪಾಯ ಉಂಟು. ಆದರೆ ಓಟದ ಎಳೆತಕ್ಕೆ ಹೊಲಿಗೆ ಮುದುಡುವುದು ತಪ್ಪದು. ಹಾಗಾಗಿ ಆಡುವ ಅಂಗಿ ಬರಿದಾಗಿಯೇ ಇರಲಿ, ಪಥಸಂಚಲನದ ಜಾಕೀಟಿನ ಕಾಲರ್ ಪಟ್ಟಿಗೆ ತೇರು ಬರಲಿ ಎಂದು ಅಜ್ಜಿ ಮೊಮ್ಮಗಳ ರಾಜಿ.

ಮೊಮ್ಮಗಳು ಮೊಬೈಲಿನಲ್ಲಿ ಮಂಗೋಲಿಯಾದ ಉಡುಪನ್ನು ತೋರಿಸುತ್ತಾಳೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮಿಷೆಲ್ ಮತ್ತು ಅಮಝೋಂಕಾ ಎಂಬ ಅಕ್ಕತಂಗಿಯರು ವಿನ್ಯಾಸ ಮಾಡಿದ್ದು. ಬಂಗಾರದ ದಾರದ ಕಸೂತಿ, ಸೂರ್ಯ ಚಂದ್ರ, ಒಂಬತ್ತು ಬಿಳಿ ಪತಾಕೆಗಳು. ಒಂದೊಂದು ಉಡುಪಿಗೆ ಸರಾಸರಿ 20 ಗಂಟೆ ಹಿಡಿದಿತ್ತಂತೆ. ದೊಡ್ಡವ್ವ ಚಿತ್ರವನ್ನು ದೊಡ್ಡದು ಮಾಡಿಸಿ ಅಂಚನ್ನೇ ನೋಡುತ್ತಾರೆ. ಅದೇ ಒಲಿಂಪಿಕ್ಸ್‌ನ ಉದ್ಘಾಟನೆಯ ಮೆರವಣಿಗೆಯಲ್ಲಿ ನಮ್ಮ ದೇಶದವರು ತೊಟ್ಟದ್ದರ ಮೇಲೆ ಇಕತ್ ನೇಯ್ಗೆಯನ್ನು ಹೋಲುವ ಮುದ್ರಣವಿತ್ತು. ಇಷ್ಟೊಂದು ನೇಕಾರರಿರುವ ನಾಡು ನೇಯ್ಗೆಯ ಅಚ್ಚನ್ನು ಒತ್ತಿಸಿಕೊಂಡು ನಿಂತದ್ದು ನನಗೆ ನಿಜಕ್ಕೂ ನೋವು ತಂದಿತು.

ಕೈಗಳಿಗೆ ಕೊರತೆಯೇ? ಗಂಗಾವತಿ ತಾಲ್ಲೂಕಿನ ಆನೆಗೊಂದಿಯಿಂದ ಹೊಳೆ ದಾಟಿದರೆ ಹಂಪಿ. ಅಲ್ಲಿ 2023ರ ಜುಲೈನಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ 1,755 ಕಸೂತಿ ವಸ್ತುಗಳು ಗಿನ್ನೆಸ್ ದಾಖಲೆ ಬರೆದವು. ಕುಷ್ಟಗಿ, ಯಲಬುರ್ಗಾದ ತಾಂಡಾಗಳಲ್ಲೂ ಕನ್ನಡಿ, ಕವಡೆ ಹಚ್ಚಿ ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ ಹೊಲಿಯಬಲ್ಲ ಹಿರಿಯರಿದ್ದಾರೆ. ಕನ್ನಡಿ ಆಟದಂಗಳಕ್ಕೆ ಸಲ್ಲದು. ಧ್ವಜ ಹಿಡಿದು ಮುಂದೆ ನಡೆಯುವ ಹುಡುಗಿಯ ಜಾಕೀಟಿಗೆ ಸಲ್ಲುತ್ತದೆ.

ಸಂಜೆಗೆ ಪಟ್ಟಿಯ ಮೇಲೆ ತೇರಿನ ಒಂದು ಗಾಲಿ, ಅರ್ಧ ಗೋಪುರ ಮೂಡಿವೆ. ಹುಡುಗಿ ತಿರುವಿ ನೋಡುತ್ತಾಳೆ, ಮತ್ತೆ ತಿರುವುತ್ತಾಳೆ. ಯಾವುದು ಒಳಮೈ ಎಂದು ಹೇಳಲಾಗದೆ ನಗುತ್ತಾಳೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಂಡಗಳನ್ನು ಜಿಲ್ಲಾ ಕ್ರೀಡಾಕೂಟಕ್ಕೆ ಕರೆತರುವ ದೈಹಿಕ ಶಿಕ್ಷಕರಲ್ಲಿ ಒಂದು ಕೋರಿಕೆ. ಸಮವಸ್ತ್ರಕ್ಕೆ ಆರ್ಡರ್ ಕೊಡುವಾಗ ಕಾಲರ್ ಪಟ್ಟಿಯೊಂದನ್ನು ಬೇರೆ ತೆಗೆದಿಡಿ. ಅದನ್ನು ನಿಮ್ಮೂರಿನ ಕಸೂತಿಯವರಿಗೆ ಎರಡು ತಿಂಗಳು ಮೊದಲೇ ತಲುಪಿಸಿ, ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಕೊಡಿ.