ಒಂದು ಹಂಚು, ನಾಲ್ಕು ಪೇರಲಕಾಯಿ

ನಮ್ಮ ಸಂಡೇ ಸ್ಕೂಲಿನಲ್ಲಿ ಹತ್ತು ಆಜ್ಞೆಗಳನ್ನು ತಡವರಿಸದೆ ಒಪ್ಪಿಸಿದವರಿಗೆ ಒಂದು ಪೆಪ್ಪರಮಿಂಟು ಸಿಗುತ್ತಿತ್ತು. ಕದಿಯಬಾರದು ಎಂಬುದೂ ಆ ಹತ್ತರಲ್ಲಿ ಒಂದು. ಅದನ್ನು ಒಂದಕ್ಷರ ತಪ್ಪದೆ ಒಪ್ಪಿಸಿ, ಪೆಪ್ಪರಮಿಂಟನ್ನು ದವಡೆಯಲ್ಲಿಟ್ಟುಕೊಂಡು, ಅದು ಕರಗುವ ಮೊದಲೇ ಪಾದ್ರಿ ಅಯ್ಯನವರ ಹಿತ್ತಲಿಗೆ ಹೋಗಿ ಪೇರಲಕಾಯಿ ಕದ್ದವನು ನಾನು.

ಧಾರವಾಡದ ಪೇರಲದ ರುಚಿ ಬಲ್ಲವರು ನನ್ನನ್ನು ಅರ್ಧ ಕ್ಷಮಿಸಿಯಾರು. ಅಯ್ಯನವರ ಹಿತ್ತಲಿನ ಗಿಡವಂತೂ ಗೋಡೆಯಾಚೆಗೆ ಕೈ ಚಾಚಿ ಕರೆಯುವಂಥದ್ದು. ಕೈಗೆ ಎಟಕುವ ಟೊಂಗೆಯಲ್ಲಿ ನಾಲ್ಕು ಕಾಯಿ ಸಿಕ್ಕವು. ಅಷ್ಟಕ್ಕೇ ಬಿಟ್ಟಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಮೇಲಿನ ಟೊಂಗೆಯಲ್ಲಿ ಐದನೆಯದೊಂದು ತಿಳಿಹಳದಿಗೆ ತಿರುಗಿ ಕೂತಿತ್ತು. ಕಲ್ಲು ಬೀಸಿದೆ. ಕಲ್ಲು ಕಾಯಿಯನ್ನು ಬಿಟ್ಟು, ಗಿಡವನ್ನೂ ಬಿಟ್ಟು, ಅಯ್ಯನವರ ಮನೆಯ ಮೇಲೆ ಹೋಗಿ ಬಿತ್ತು. ಹಂಚು ಒಡೆದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪಾಪಕ್ಕೆ ‘ಹಮಾರ್ತಿಯ’ ಎನ್ನುತ್ತಾರೆಂದೂ, ಆ ಮಾತಿನ ಬೇರಿನಲ್ಲಿ ಗುರಿ ತಪ್ಪುವುದು ಎಂಬ ಅರ್ಥ ಇದೆಯೆಂದೂ ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಓದಿದ ಕೂಡಲೇ ನಕ್ಕೆ. ಇಷ್ಟು ಅಕ್ಷರಶಃ ಪಾಪ ಮಾಡಿದವರು ನಮ್ಮ ಸಭೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಹಂಚಿನದೂ ಒಂದು ಕತೆಯಿದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಮೂರು ವರ್ಷಕ್ಕೆ ಘಟ್ಟ ಹತ್ತಿ ಧಾರವಾಡ ಮುಟ್ಟಿದರು. ಪಾಪದ ಸಂಗತಿ ತಿಳಿಸಲು ಬಂದವರು ಶಾಲೆ ಕಟ್ಟಿದರು, ಅಚ್ಚುಕೂಟ ಹಾಕಿದರು, 1865ರಲ್ಲಿ ಮಂಗಳೂರಿನಲ್ಲಿ ಹಂಚು ಸುಡುವುದಕ್ಕೂ ತೊಡಗಿದರು. ಅವರ ಉಪದೇಶ ಎಷ್ಟು ಜನರ ತಲೆಗೆ ಹತ್ತಿತೋ ಕಾಣೆ, ಹಂಚು ಮಾತ್ರ ಜಾತಿ ಮತ ನೋಡದೆ ಎಲ್ಲರ ತಲೆಯ ಮೇಲೂ ಹತ್ತಿತು. ಆ ಪರಂಪರೆಯ ಒಂದು ಹಂಚು ನನ್ನ ಕೈಯಿಂದ ಹೋಯಿತು.

ಮುಂದಿನ ಶನಿವಾರ ರಾತ್ರಿ ಮಳೆ ಹೊಡೆಯಿತು. ಒಡೆದ ಹಂಚಿನ ನೇರ ಕೆಳಗೆ ಅಯ್ಯನವರ ಮೇಜು, ಮೇಜಿನ ಮೇಲೆ ಮರುದಿನದ ಪ್ರಸಂಗ. ಅವರು ಶಾಯಿಪೆನ್ನಿನಲ್ಲಿ ಬರೆಯುವವರು. ಬೆಳಿಗ್ಗೆ ವೇದಿಕೆ ಹತ್ತಿ ಕಾಗದ ಬಿಡಿಸಿದರೆ ಮೊದಲ ಪುಟದ ಆಚೆಗೆ ಬರೀ ನೀಲಿ ಕೆರೆ. ಒಂದು ಗಳಿಗೆ ಕನ್ನಡಕ ತೆಗೆದು ಒರೆಸಿಕೊಂಡರು, ಇದ್ದಷ್ಟು ಹೇಳಿದರು, ಹತ್ತು ನಿಮಿಷಕ್ಕೆ ಆಶೀರ್ವಾದ ಕೊಟ್ಟು ಮುಗಿಸಿಬಿಟ್ಟರು. ಎಂದೂ ಮುಕ್ಕಾಲು ತಾಸಿಗೆ ಇಳಿಯದ ಪ್ರಸಂಗ ಅದು. ಹೊರಗೆ ಬಂದ ಹಿರಿಯರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕ್ರಿಸ್‌ಮಸ್ಸಿನಲ್ಲೂ ಕಂಡಿರಲಿಲ್ಲ. ಇಡೀ ಸಭೆಗೆ ನನ್ನಿಂದ ಉಪಕಾರವಾಗಿತ್ತು, ಆದರೆ ಹೇಳಿಕೊಳ್ಳುವ ಹಾಗಿರಲಿಲ್ಲ.

ಹೇಳಿಕೊಳ್ಳಲಾರದ್ದೇ ಹೊಟ್ಟೆಯಲ್ಲಿ ಕುದಿಯತೊಡಗಿತು. ನನ್ನ ತರಗತಿಯಲ್ಲಿ ಕಥೋಲಿಕರ ಹುಡುಗನೊಬ್ಬನಿದ್ದ. ಅವನ ಮೇಲೆ ನನಗೆ ಭಾರೀ ಅಸೂಯೆ. ಶನಿವಾರ ಪಾಪನಿವೇದನೆಗೆ ಹೋಗುವಾಗ ಮುಖ ಬಾಡಿಸಿಕೊಂಡಿರುತ್ತಿದ್ದವನು, ಜಾಳಿಗೆಯ ಹಿಂದಿನ ಫಾದರಿಗೆ ಎಲ್ಲ ಒಪ್ಪಿಸಿ, ಪ್ರಾಯಶ್ಚಿತ್ತಕ್ಕೆ ನಾಲ್ಕು ಜಪ ಹೇಳಿ, ಹೊರಗೆ ಬರುವಾಗ ಕುಂಟಾಟ ಆಡುತ್ತಲೇ ಬರುತ್ತಿದ್ದ. ನಮ್ಮಲ್ಲಿ ಆ ಅನುಕೂಲ ಇಲ್ಲ. ನೇರವಾಗಿ ದೇವರಿಗೇ ಹೇಳಬೇಕು. ದೇವರೋ ಹೂಂ ಅನ್ನುವುದಿಲ್ಲ, ಹಾಂ ಅನ್ನುವುದಿಲ್ಲ. ಕೊನೆಗೆ ಅವನನ್ನೇ ಕೇಳಿಕೊಂಡೆ: “ನಿನ್ನ ಪಾಪದ ಜತೀಗೆ ನಂದೂ ಒಂದು ಸೇರಿಸಿ ಹೇಳಿಬಿಡಲೇ.” ಪಾಪದ ಹುಡುಗ, ಹೇಳಿದ. ಬಂದು ವರದಿ ಒಪ್ಪಿಸಿದ: “ಅವನ್ನ ಅವರ ಪಾದ್ರಿ ಕಡೆನ ಕಳಸು ಅಂದ್ರು.”

ಅವರ ಪಾದ್ರಿಯ ಮನೆಯೇ ಸೋರುತ್ತಿತ್ತು!

ಇನ್ನೊಂದು ದಾರಿ ಹುಡುಕಿದೆ. ಕಾಣಿಕೆ ಚೀಲಕ್ಕೆ ಹಾಕಲು ಅವ್ವ ಹತ್ತು ಪೈಸೆ ಕೊಡುತ್ತಿದ್ದಳು. ನನ್ನ ಗೋಲಿಯ ದುಡ್ಡಿನಿಂದ ನಾಲ್ಕಾಣೆ ಸೇರಿಸಿ ಹಾಕುತ್ತ ಬಂದೆ. ಒಂದು ಹಂಚಿನ ಬೆಲೆ ತೀರಿದರೆ ಸಾಕು ಎಂಬ ಲೆಕ್ಕ. ದುಡ್ಡು ಕೊಟ್ಟು ಕ್ಷಮಾಪತ್ರ ಕೊಳ್ಳುವ ಪದ್ಧತಿಯ ವಿರುದ್ಧ ಲೂಥರ್ 1517ರಲ್ಲಿ ವಿಟೆನ್‌ಬರ್ಗಿನಲ್ಲಿ 95 ವಾದಗಳನ್ನು ಮಂಡಿಸಿದ್ದರ ಫಲವೇ ನಮ್ಮ ಸಭೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ನಾಲ್ಕು ಶತಮಾನ ದಾಟಿದ ಮೇಲೂ ಆ ವ್ಯಾಪಾರವನ್ನು ಧಾರವಾಡದಲ್ಲಿ ಒಬ್ಬನೇ ನಡೆಸುತ್ತಿದ್ದೆ.

ಮನೆಯಲ್ಲಿ ಅಜ್ಜಿ ಇದ್ದಳು. ಪಾಪದ ಬಗ್ಗೆ ಅವಳ ವಿಚಾರವೇ ಬೇರೆ. ಕನ್ನಡ ಒಂದು ವಿಚಿತ್ರ ಭಾಷೆ. ದೇವರ ಆಜ್ಞೆ ಮೀರಿದರೆ ಅದೂ ಪಾಪ, ಎದುರುಮನೆಯ ನಾಯಿಮರಿ ಮಳೆಯಲ್ಲಿ ತೊಯ್ದರೆ ಅದೂ ಪಾಪ. ಗುಡಿಯಲ್ಲಿ, ಚರ್ಚಿನಲ್ಲಿ ಬೆರಳು ತೋರಿಸಿ ಹೇಳುವ ಮಾತನ್ನೇ ನಾವು ಅಡುಗೆಮನೆಯಲ್ಲಿ ಮರುಗಿ ಹೇಳುತ್ತೇವೆ. ಅಜ್ಜಿಗೆ ಈ ಎರಡರ ನಡುವೆ ಗೋಡೆಯೇ ಇರಲಿಲ್ಲ. ಸತ್ಯವೇದ ಓದಿ ಹೇಳುವಾಗ ನಾನು ಯೂದನ ಕತೆಗೆ ಬಂದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. “ಮೂವತ್ತು ರೂಪಾಯಿಗೆ... ಪಾಪ. ಏನ್ ಅಡಚಣಿ ಇತ್ತೋ ಅವಗ. ತಾಯಿ ಇದ್ದಿದ್ರ ಹಂಗ ಹೋಗಿ ಉರ್ಲ ಹಾಕ್ಕೋತಿದ್ದಿಲ್ಲ.” ಹವ್ವಳ ವಿಷಯದಲ್ಲೂ ಅಷ್ಟೇ: “ಹಸಿದಿದ್ಲೋ ಏನೋ, ಪಾಪ. ತೋಟದ ತುಂಬ ಹಣ್ಣಿಟ್ಟು ಒಂದನ್ನ ಮುಟ್ಟಬ್ಯಾಡ ಅಂದ್ರ ಅದ್ರ ಮ್ಯಾಲೇ ಕಣ್ಣು ಹೋಗ್ತದ.” ದೇವರು ತುಸು ಹೆಚ್ಚೇ ಕಟ್ಟುನಿಟ್ಟು ಮಾಡಿದ ಎಂಬ ಅನುಮಾನ ಅವಳಿಗೆ ಇತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅವಳ ಸ್ವಂತ ಶೋಧನೆ ಎಲೆಯಡಿಕೆ, ಅದರೊಳಗಿನ ಒಂದು ಎಸಳು ತಂಬಾಕು. ಪ್ರತಿವರ್ಷ ಲೆಂಟ್ ಕಾಲಕ್ಕೆ ಬಿಡುವ ಹರಕೆ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ ಆಗುತ್ತದೆ. ಆರು ಭಾನುವಾರ ಕಳೆದರೇ 40. ಭಾನುವಾರ ಪುನರುತ್ಥಾನದ ದಿನ, ಉಪವಾಸಕ್ಕೆ ಸೇರದು. ಈ ಶಾಸ್ತ್ರವನ್ನು ಯಾವುದೋ ಪಾದ್ರಿಯ ಬಾಯಲ್ಲಿ ಕೇಳಿದ ಅಜ್ಜಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸೋಮವಾರದಿಂದ ಶನಿವಾರದ ತನಕ ಸಂತಳಂತೆ ಇದ್ದು, ಭಾನುವಾರ ಬೆಳಗಿನಿಂದ ರಾತ್ರಿಯ ತನಕ ವಾರದ ಬಾಕಿಯನ್ನೆಲ್ಲ ಜಗಿದು ಮುಗಿಸುವಳು. ನಾನು ದಿಟ್ಟಿಸಿದರೆ ತುಂಬಿದ ಕೆನ್ನೆಯಲ್ಲೇ ತೊದಲುವಳು: “ಐತವಾರ ಲೆಕ್ಕಕ್ಕಿಲ್ಲೋ ಯಪ್ಪಾ.” ಒಮ್ಮೆ ಬುಧವಾರವೇ ಸಿಕ್ಕಿಬಿದ್ದಳು. ನನ್ನನ್ನು ನೋಡಿ, ಡಬ್ಬಿ ಮುಚ್ಚಿ, ತನ್ನನ್ನೇ ಕುರಿತು “ಪಾಪ” ಅಂದಳು. ಯಾವ ಅರ್ಥದಲ್ಲೋ!

ಅವಳಿಗೆ ಹಂಚಿನ ಸಂಗತಿ ಹೇಳಬಹುದಿತ್ತು. ಪಾಪ ಅಂದುಬಿಡುತ್ತಾಳೆಂದು ಗೊತ್ತಿದ್ದೇ ಹೇಳಲಿಲ್ಲ. ಎರಡೇಟು ಹಾಕುವವರು ಬೇಕಿದ್ದರು ನನಗೆ.

ಸಂತ ಅಗಸ್ಟೀನರೂ ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜತೆ ನೆರೆಯವರ ಗಿಡದಿಂದ ಪೇರ್ ಹಣ್ಣು ಕದ್ದಿದ್ದರು. ನಲವತ್ತು ದಾಟಿ, ಬಿಷಪ್ ಆದ ಮೇಲೆ ಅದನ್ನು ತಮ್ಮ ನಿವೇದನೆಯ ಪುಸ್ತಕದಲ್ಲಿ ಬರೆದು ಮರುಗಿದರು. ಹಣ್ಣಿನ ಆಸೆಗಲ್ಲ, ಕದಿಯುವ ಸುಖಕ್ಕಾಗಿ ಕದ್ದೆವು, ಹಂದಿಗಳಿಗೆ ಎಸೆದೆವು ಎಂದು ಅವರ ಸಂಕಟ. ನಮ್ಮ ಅಯ್ಯನವರು ಈ ಕತೆಯನ್ನು ಸಂಡೇ ಸ್ಕೂಲಿನಲ್ಲಿ ಹೇಳುವಾಗ, ಪೇರ್ ಹಣ್ಣು ಕಂಡರಿಯದ ನಮ್ಮ ಅನುಕೂಲಕ್ಕೆ ಅದನ್ನು ಪೇರಲವನ್ನಾಗಿ ಮಾಡಿಬಿಟ್ಟರು. ಅಮೆರಿಕದ ಕಡೆಯ ಪೇರಲ ಆ ಕಾಲದ ಆಫ್ರಿಕಾದಲ್ಲಿ ಎಲ್ಲಿಂದ ಬರಬೇಕು? ನನಗೆ ಮಾತ್ರ ಬೆವರು ಕಿತ್ತುಬಂತು. ಕತೆ ಹೇಳುವಾಗ ಅವರು ನನ್ನ ಕಡೆ ನೋಡಿದರೋ ಇಲ್ಲವೋ, ನಾನು ತಲೆ ಎತ್ತಿರಲಿಲ್ಲ. ಅಂದ ಹಾಗೆ, ನಾವು ನಮ್ಮ ಕಾಯಿಗಳನ್ನು ಉಪ್ಪು ಖಾರ ಹಚ್ಚಿ ಬೀಜ ಸಮೇತ ತಿಂದಿದ್ದೆವು. ಅಷ್ಟರ ಮಟ್ಟಿಗೆ ಸಂತರಿಗಿಂತ ನಾವೇ ಮೇಲು.

ಆ ದಿನ ಪಾಠ ಮುಗಿದ ಮೇಲೆ ಅಮ್ಮನವರು, ಎಂದರೆ ಅಯ್ಯನವರ ಹೆಂಡತಿ, ಬುಟ್ಟಿ ತುಂಬ ಪೇರಲಹಣ್ಣು ತಂದು ಮಕ್ಕಳಿಗೆ ಹಂಚಿದರು. ಎಲ್ಲರಿಗೂ ಒಂದೊಂದು. ನನ್ನ ಕೈಯಲ್ಲಿ ಎರಡು ಇಟ್ಟರು. ತಿಳಿಹಳದಿ, ಮೂಗಿಗೆ ಹಿಡಿದರೆ ಕಣ್ಣು ಮುಚ್ಚುವಂಥ ಪರಿಮಳ. ಅವನ್ನು ಮನೆಯವರೆಗೆ ಚಡ್ಡಿಯ ಕಿಸೆಯಲ್ಲಿ ಒಯ್ದೆ, ತಿನ್ನಲಾಗಲಿಲ್ಲ.

ಕೃಪೆ ಎಂಬುದು ಸುಖದ ವಸ್ತು ಎಂದು ಹಾಡುಗಳಲ್ಲಿ ಕೇಳಿದ್ದೆ. ನನ್ನ ಅನುಭವದಲ್ಲಿ ಅದರಷ್ಟು ಮುಜುಗರದ್ದು ಇನ್ನೊಂದಿಲ್ಲ. ಕಿರಾಣಿ ಅಂಗಡಿಯಲ್ಲಿ ಉದ್ರಿ ಇದ್ದರೆ ತಿಂಗಳ ಕೊನೆಗೆ ಕೊಟ್ಟು, ಗೆರೆ ಹೊಡೆಸಿ, ತಲೆ ಎತ್ತಿ ಹೋಗಬಹುದು. ಅಂಗಡಿಯವನೇ ನಾವು ಕೇಳದೆ ಗೆರೆ ಹೊಡೆದು, ಮೇಲೊಂದು ಬೆಲ್ಲದ ಚೂರು ಕೈಗಿಟ್ಟರೆ ಆ ಬೀದಿಯಲ್ಲಿ ತಿರುಗಾಡುವುದು ಹೇಗೆ? ಏಟು ತಿಂದಿದ್ದರೆ ಒಂದು ವಾರಕ್ಕೆ ಮರೆಯುತ್ತಿದ್ದೆ. ಎರಡು ಹಣ್ಣು ಕೊಟ್ಟು ಜೀವಮಾನಕ್ಕೆ ಕಟ್ಟಿಹಾಕಿದರು.

ಅಯ್ಯನವರು ನಿವೃತ್ತರಾಗಿ ಬೇರೆ ಊರಿಗೆ ಹೋದರು. ನಾನು ನೌಕರಿ, ಮದುವೆ ಎಂದು ಬೆಳೆದೆ. ನಲವತ್ತರ ಸುಮಾರಿಗೆ ಎರಡು ಸಲ ಅವರನ್ನು ಹುಡುಕಿಕೊಂಡು ಹೋದದ್ದುಂಟು, ಧಾರವಾಡ ಪೇಡೆಯ ಪೊಟ್ಟಣ ಹಿಡಿದು. ಮೊದಲ ಸಲ ಮಳೆ, ಬೆಳೆ, ಮಕ್ಕಳ ಶಾಲೆಯ ಮಾತಾಡಿ ಎದ್ದು ಬಂದೆ. ಎರಡನೆಯ ಸಲ ಅವರಿಗೆ ಕಣ್ಣು ಮಂಜಾಗಿತ್ತು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೇ ಕೇಳಿದರು: “ಮನಿ ಕಟ್ಟಿಸಿದೆಂತಲ್ಲೋ. ಹಂಚಿಂದೋ, ಸ್ಲಾಬಿಂದೋ?”

“ಸ್ಲಾಬ್ ಹಾಕ್ಸೇನ್ರಿ ಅಯ್ಯನವರ.”

“ಛಲೋ ಆತು ಬಿಡು,” ಎಂದು ಬಹಳ ಹೊತ್ತು ನಕ್ಕರು. ಕೆಮ್ಮು ಬರುವವರೆಗೆ ನಕ್ಕರು. ನಾನೂ ನಕ್ಕೆ. ಹೇಳಬೇಕಾದ್ದು ಮತ್ತೆ ಹಾಗೇ ಉಳಿಯಿತು. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಸ್ಲಾಬೂ ಸೋರುತ್ತದೆ. ಅಡುಗೆಮನೆಯ ಮೂಲೆಗೆ ಒಂದು ಬಕೀಟು ಇಟ್ಟಿದ್ದೇವೆ.